ನಡಾವಳಿಯಲ್ಲಿ ಬರೆಯದ್ದು

ಸಾಗರದ ಬಸ್‌ಸ್ಟ್ಯಾಂಡಿನ ಹಿಂದೆ, ಟೈರು ಅಂಗಡಿಯ ಮೇಲಿನ ಕೋಣೆ.
ನಾಲ್ಕು ಪ್ಲಾಸ್ಟಿಕ್ ಕುರ್ಚಿ ನಮಗೆ,
ಮರದ್ದೊಂದು ಬರುವವರಿಗೆ.
ಕೆಳಗೆ ಪಂಕ್ಚರ್ ಹುಡುಗ ರಬ್ಬರು ಸುಡುತ್ತಿದ್ದ;
ಕಿಟಕಿ ಮುಚ್ಚಿದರೆ ಉಸಿರುಗಟ್ಟು, ತೆರೆದರೆ ಕೆಮ್ಮು.
ಹಾಗೇ ಶುರುವಾಯಿತು ಸಂದರ್ಶನ.

ಜಾಹೀರಾತಿನ ಕರಡು ನನ್ನದೇ:
'ಕಾರ್ಯನಿರ್ವಾಹಕ ನಿರ್ದೇಶಕರು ಬೇಕಾಗಿದ್ದಾರೆ.
ಹತ್ತು ವರ್ಷದ ಅನುಭವ, ದಾನಿಗಳ ಜೊತೆ ವ್ಯವಹಾರ,
ಜೀಪು ಓಡಿಸಲು ಬಂದರೆ ಒಳ್ಳೆಯದು.'
ಸಂಬಳದ ಜಾಗದಲ್ಲಿ 'ಅರ್ಹತೆಗೆ ತಕ್ಕಂತೆ' ಎಂದು ಬರೆದೆ.
ಅರ್ಹತೆಗೆ ತಕ್ಕಂತೆ ಕೊಡುವುದಾದರೆ
ಆ ಜೀಪನ್ನೇ ಮಾರಬೇಕು.
ಖಜಾಂಚಿ ನಾನು, ನನಗೆ ಗೊತ್ತು.

ಇಪ್ಪತ್ತಾರು ವರ್ಷ ಫಿಲೋಮಿನಮ್ಮ ನಡೆಸಿದ್ದರು.
ಸರ್ಕಾರಿ ನರ್ಸಿನ ಕೆಲಸ ಬಿಟ್ಟು,
ಕಾಡಂಚಿನಲ್ಲಿ ಮಂಗ ಸತ್ತ ಸುದ್ದಿ ಬಂದಲ್ಲೆಲ್ಲ
ಉಣುಗು ಹತ್ತದ ಎಣ್ಣೆ, ಜ್ವರದ ಪಟ್ಟಿ ಹಿಡಿದು ಹೋದವರು.
ಎರಡೂ ಮಂಡಿ ಕೈಕೊಟ್ಟ ಮೇಲೆ ಅವರೇ ಅಂದರು,
'ನನ್ನಂಥವರನ್ನ ಹುಡುಕಬೇಡಿ.
ನಾನೊಬ್ಬಳೇ ಜಾಸ್ತಿಯಾಯಿತು.'
ಆದರೂ ನಾವು ಹುಡುಕಿದ್ದು
ಮಂಡಿ ಗಟ್ಟಿ ಇರುವ ಫಿಲೋಮಿನಮ್ಮನನ್ನೇ.

ಮೊದಲು ಬಂದವರು ಶಾಂತವೀರಪ್ಪ,
ಭದ್ರಾವತಿಯ ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದವರು.
ಇಸ್ತ್ರಿ ಮುರಿಯದ ಅಂಗಿ.
ಮೂರು ವರ್ಷದ ಯೋಜನೆ ಬಣ್ಣಬಣ್ಣದ ಚೌಕಗಳಲ್ಲಿ.
'ಪಿಂಚಣಿ ಇದೆ, ಅರ್ಧ ಸಂಬಳ ಸಾಕು' ಎಂದರು.
ನನ್ನ ಪೆನ್ನು ಆಗಲೇ ಅವರ ಹೆಸರಿನ ಕೆಳಗೆ ಗೆರೆ ಎಳೆದಿತ್ತು.

ಹುಬ್ಬಳ್ಳಿಯ ಏಜೆನ್ಸಿ ಕಳಿಸಿದ ಹುಡುಗನ ಬಾಯಲ್ಲಿ
'ಸಮುದಾಯ' ಎಂಬ ಮಾತು ಹದಿನಾಲ್ಕು ಸಲ ಬಂತು, ಎಣಿಸಿದೆ.
ಹಿನ್ನೀರಿನಾಚೆಯ ಊರುಗಳೂ ನಮ್ಮವೇ,
ಕೊನೆಯ ಲಾಂಚ್ ತಪ್ಪಿದರೆ ಅಲ್ಲೇ ಉಳಿಯಬೇಕು ಎಂದಾಗ
ವಾಚು ನೋಡಿಕೊಂಡ.

ಆಮೇಲೆ ಜುಬೇದಾ, ಹೊಸನಗರದ ಕಡೆಯವಳು.
ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ ಒಂಬತ್ತು ವರ್ಷ.
ಜಾಹೀರಾತಿನ ಹತ್ತಕ್ಕೆ ಒಂದು ಕಮ್ಮಿ, ನಾನೇ ಎತ್ತಿ ತೋರಿಸಿದೆ.
'ಹೌದು ಸಾರ್, ಒಂದು ಕಮ್ಮಿ' ಎಂದಳು. ವಾದಿಸಲಿಲ್ಲ.
'ನಿಮ್ಮದೇನಾದರೂ ಪ್ರಶ್ನೆ?' ಅಧ್ಯಕ್ಷರು ಕೇಳಿದರು,
ಎಲ್ಲರನ್ನೂ ಕೇಳಿದ ಹಾಗೆ, ಟೀ ಲೋಟದ ಕಡೆ ನೋಡುತ್ತ.

'ಬರುವಾಗ ಗೋಡೆಗಳ ಮೇಲೆ ಒಂದು ನಂಬರು ಓದಿದೆ.
ಜ್ವರ ಬಂದರೆ ಕರೆ ಮಾಡಿ ಅಂತ, ನೀಲಿ ಬಣ್ಣದಲ್ಲಿ.
ಶಾಲೆಯ ಗೋಡೆ, ಹಾಲಿನ ಡೈರಿ, ಒಂದು ಕಡೆ ಕೊಟ್ಟಿಗೆಯ ಮೇಲೂ.
ಅದು ಯಾರ ಹೆಸರಲ್ಲಿದೆ?'

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ಟ್ರಸ್ಟ್ ಡೀಡಿನಲ್ಲಿಲ್ಲ. ಆಸ್ತಿಪಟ್ಟಿಯಲ್ಲಿಲ್ಲ.
ಆಡಿಟರ್ ಎಂದೂ ಕೇಳಿದ್ದಿಲ್ಲ.
ಬಾಗಿಲಾಚೆಯ ಬೆಂಚಿನಿಂದ ದನಿ ಬಂತು:
'ನನ್ನದು.'

ನಾನು ಕೈಯೆತ್ತಿದ್ದು ಶಾಂತವೀರಪ್ಪನವರಿಗೆ.
ಉಳಿದ ಮೂವರು ಅವಳಿಗೆ.
ಆಮೇಲೆ ಪುಸ್ತಕ ತೆಗೆದು 'ಸರ್ವಾನುಮತದಿಂದ' ಎಂದು
ಗುಂಡಗೆ ಬರೆದವನೂ ನಾನೇ.

ಜನವರಿ ಒಂದಕ್ಕೆ ಬೀರುವಿನ ಕೀಲಿ, ಜೀಪಿನ ಕಾಗದ, ಚೆಕ್‌ಬುಕ್,
ಎಲ್ಲಕ್ಕೂ ಸಹಿಯಾಯಿತು.
ಫಿಲೋಮಿನಮ್ಮ ಸೆರಗಿನ ಪಿನ್ನು ಬಿಚ್ಚಿ
ಫೋನಿನ ತೂತಿಗೆ ಚುಚ್ಚಿದರು.
ಹೊರಬಂದ ಸಿಮ್ಮು ಕಿರುಬೆರಳ ಉಗುರಿನಷ್ಟು.
ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೊಡಲಿಲ್ಲ.
ಕೊಟ್ಟ ಮೇಲೆ ಪಿನ್ನು ಮರೆತು ಮೆಟ್ಟಿಲಿಳಿದರು,
ಒಂದು ಕೈಯಲ್ಲಿ ಕಟಕಟೆ, ಇನ್ನೊಂದರಲ್ಲಿ ಸೆರಗು.

ಅವತ್ತೇ ಸಂಜೆ ಏಳೂವರೆ. ಲೆಕ್ಕ ಒಪ್ಪಿಸುತ್ತ ಕೂತಿದ್ದೆ.
ಕಾರ್ಗಲ್ಲಿನಾಚೆ ಎಲ್ಲಿಂದಲೋ ಒಂದು ಗಂಡುದನಿ,
'ಫಿಲೋಮಿನಮ್ಮಾ?'
ಜುಬೇದಾ ನನ್ನ ಕಡೆ ನೋಡಿದಳು, ಒಂದೇ ಗಳಿಗೆ.
'ಹೇಳಿ. ಎಷ್ಟು ದಿನದಿಂದ ಜ್ವರ?'

ನಾನು ಎದ್ದು ಜೀಪಿನ ಕೀಲಿ ಹುಡುಕತೊಡಗಿದೆ,
ಮೇಜಿನ ಮೇಲೆ, ಬೀರುವಿನಲ್ಲಿ, ನನ್ನದೇ ಜೇಬಿನಲ್ಲಿ.
ಅದು ಅವಳ ಕೈಯಲ್ಲೇ ಇತ್ತು.